ಎರಡು ಏಟುಗಳ ನಡುವೆ

ಸಭೆಗೆ ಅತಿಥಿಯನ್ನು ಪರಿಚಯಿಸುವುದು ಊಟಕ್ಕೆ ಮೊದಲು ಎಲೆಗೆ ನೀರು ಚಿಮುಕಿಸಿದ ಹಾಗೆ. ಅದಕ್ಕಾಗಿ ಯಾರೂ ಬಂದಿರುವುದಿಲ್ಲ, ಅದಾಗದೆ ಬಡಿಸುವಂತಿಲ್ಲ. ಪೀಣ್ಯದ ನಮ್ಮ ಕಾರ್ಖಾನೆಯ ಕನ್ನಡ ಸಂಘದಲ್ಲಿ ಈ ನೀರು ಚಿಮುಕಿಸುವ ಹುದ್ದೆ ನನಗೆ ಬಂದದ್ದು, ಬಹಳಷ್ಟು ಹುದ್ದೆಗಳು ಬರುವ ಹಾಗೆಯೇ, ಹಿಂದಿದ್ದವರು ತೀರಿಕೊಂಡದ್ದರಿಂದ.

ಹಿಂದಿದ್ದವರು ಟೂಲ್ ರೂಮಿನ ಹಿರಿಯರು. ಪ್ರೆಸ್ಸಿನ ಕೆಳಗೆ ತಗಡು ಯಾವ ಆಕಾರಕ್ಕೆ ಬಾಗಬೇಕೋ ಆ ಅಚ್ಚನ್ನು ಉಕ್ಕಿನಲ್ಲಿ ಕಡೆಯುವುದು ಅವರ ಕೆಲಸ. ತಿಂಗಳಿಗೊಮ್ಮೆ ಸಂಘದ ಉಪನ್ಯಾಸವಿದ್ದಾಗ ಮೈಕಿನ ಮುಂದೆ ನಿಂತು ಅತಿಥಿಯನ್ನು ಪರಿಚಯಿಸುವುದು ಅವರ ವ್ರತ.

ನಮ್ಮ ಸಭಾಂಗಣವೆಂದರೆ ಕ್ಯಾಂಟೀನು. ಮರದ ಪ್ಯಾಲೆಟ್‌ಗಳನ್ನು ಜೋಡಿಸಿ ಕೆಂಪು ಜಮಖಾನ ಹಾಸಿದರೆ ಅದೇ ವೇದಿಕೆ. ಗೋಡೆಯಾಚೆ ಪ್ರೆಸ್ ಶಾಪು. ಜನರಲ್ ಶಿಫ್ಟ್ ಬಿಟ್ಟ ಮೇಲೆ ನಮ್ಮ ಸಭೆ ಶುರುವಾಗುವ ಹೊತ್ತಿಗೆ ಅಲ್ಲಿ ಸೆಕೆಂಡ್ ಶಿಫ್ಟ್ ಶುರುವಾಗಿರುತ್ತದೆ. ದೊಡ್ಡ ಪ್ರೆಸ್ಸು ಒಂದೇ ಲಯದಲ್ಲಿ ಬೀಳುತ್ತದೆ. ಪ್ರತಿ ಏಟಿಗೂ ಲೋಟದ ನೀರು ನಡುಗುತ್ತದೆ, ಆಡುತ್ತಿದ್ದ ಮಾತು ಅದರಡಿ ಸಿಕ್ಕಿ ತಗಡಾಗುತ್ತದೆ. ಕಾವ್ಯದ ಬಗ್ಗೆ ಮಾತನಾಡಲು ಬಂದ ಅತಿಥಿಗಳು ಮೊದಲ ಏಟಿಗೆ ಮಾತು ನಿಲ್ಲಿಸಿ ಸೂರು ನೋಡುತ್ತಾರೆ. ಎರಡನೆಯದಕ್ಕೆ ನಮ್ಮ ಮುಖ ನೋಡುತ್ತಾರೆ. ನಾವು ಏನೂ ಆಗಿಲ್ಲವೆಂಬಂತೆ ಕೂತಿರುತ್ತೇವೆ.

ಹಿರಿಯರ ಮಾತಿನ ಮೇಲೆ ಮಾತ್ರ ಆ ಏಟು ಬೀಳುತ್ತಿರಲಿಲ್ಲ. ಅವರು ಒಂದು ವಾಕ್ಯ ಹೇಳಿ ನಿಲ್ಲುವರು, ಪ್ರೆಸ್ಸು ಬೀಳುವುದು, ಮುಂದಿನ ವಾಕ್ಯ ಎತ್ತಿಕೊಳ್ಳುವರು. ಪೂರ್ಣವಿರಾಮ ಹಾಕುವುದಕ್ಕೆಂದೇ ಕಂಪನಿ ಅಷ್ಟು ದೊಡ್ಡ ಯಂತ್ರ ತರಿಸಿದೆ ಎನ್ನುವ ಹಾಗೆ. ಕೊನೆಗೆ ಕನ್ನಡಕ ತೆಗೆದು, ಅಂಗಿಯ ಅಂಚಿನಲ್ಲಿ ಒರೆಸಿ, ಮತ್ತೆ ಹಾಕಿಕೊಂಡು, “ಇನ್ನು ನಾನು ಅಡ್ಡ ನಿಲ್ಲುವುದಿಲ್ಲ” ಎಂದು ಬಲಕ್ಕೆ ಸರಿದು ನಿಲ್ಲುವರು. ಅತಿಥಿ ಎದ್ದು ಬರುವರು. ಎಷ್ಟೋ ಸಲ ಸಭೆ ನಿಜವಾಗಿ ಮುಗಿಯುತ್ತಿದ್ದುದು ಅಲ್ಲಿಗೇ.

ಒಂದು ಭಾನುವಾರ ಮಾಕಳಿಯ ಮನೆಯಲ್ಲಿ ಮಧ್ಯಾಹ್ನದ ಊಟ ಮಾಡಿ ಮಲಗಿದ ಹಿರಿಯರು ಏಳಲಿಲ್ಲ.

ಆ ತಿಂಗಳ ಅತಿಥಿಯನ್ನು ಅವರೇ ಕರೆದಿಟ್ಟಿದ್ದರು, ಹಾಗಾಗಿ ಸಭೆ ನಿಲ್ಲಿಸುವಂತಿರಲಿಲ್ಲ. ಮೊದಲು ಹಿರಿಯರ ಹೆಂಡತಿಯನ್ನು ಕರೆಸಿ ಶಾಲು ಹೊದಿಸಿ, ಗಂಡನ ಫೋಟೊ ಕೊಟ್ಟೆವು. ಆಮೇಲೆ ಪರಿಚಯ. ಇನ್‌ಸ್ಪೆಕ್ಷನ್ ವಿಭಾಗದವನಾದ ನನ್ನನ್ನು ಯಾಕೆ ಆರಿಸಿದರೋ ಗೊತ್ತಿಲ್ಲ. ಬಹುಶಃ ಇಡೀ ದಿನ ಪರರ ದೋಷ ಹುಡುಕುವವನು ಒಂದು ಸಂಜೆಯಾದರೂ ಯಾರನ್ನಾದರೂ ಹೊಗಳಲಿ ಎಂದಿರಬೇಕು. ಅತಿಥಿಯ ವಿವರಗಳನ್ನು ಫೋನಿನಲ್ಲಿ ಹುಡುಕಿ ಬರೆದುಕೊಂಡಿದ್ದ ಹಾಳೆ ಕೈಯಲ್ಲಿತ್ತು. ಮೈಕಿನ ಮುಂದೆ ಬಾಯಿ ತೆರೆದೆ. ಒಂದು ವಾಕ್ಯ ಹೇಳಿ ನಿಂತೆ. ಪ್ರೆಸ್ಸು ಬಿತ್ತು. ಮುಂದಿನದು ಹೇಳಿದೆ. ನಿಂತೆ. ಬಿತ್ತು.

ಆ ವಾಕ್ಯಗಳು ಹಾಳೆಯಲ್ಲಿ ಇರಲಿಲ್ಲ.

ಕೊನೆಗೆ ನನ್ನ ಬಲಗೈ ತಾನಾಗಿ ಮೇಲೆದ್ದು, ಮೂಗಿನಿಂದ ಏನನ್ನೋ ತೆಗೆದು, ಅಂಗಿಯ ಅಂಚಿನಲ್ಲಿ ಒರೆಸಿ, ಮತ್ತೆ ಮೂಗಿನ ಮೇಲಿಟ್ಟಿತು. ನಾನು ಆಗಲೂ ಈಗಲೂ ಕನ್ನಡಕ ಹಾಕಿದವನಲ್ಲ. “ಇನ್ನು ನಾನು ಅಡ್ಡ ನಿಲ್ಲುವುದಿಲ್ಲ” ಎಂದು ಬಲಕ್ಕೆ ಸರಿದೆ. ಮೂಗಿನ ಮೇಲೆ ಆ ಭಾರ ತುಸು ಹೊತ್ತು ಇತ್ತು.

ಯಾರೂ ನಗಲಿಲ್ಲ. ನಕ್ಕಿದ್ದರೆ ಒಳ್ಳೆಯದಿತ್ತು. ಸಂಘದ ಕಾರ್ಯದರ್ಶಿ ಬಾಗಲಕೋಟೆ ಕಡೆಯ ವೆಲ್ಡರ್. ಅವರು ಕಾಫಿ ಕೊಡುತ್ತಾ ತಗ್ಗಿದ ದನಿಯಲ್ಲಿ ಕೇಳಿದರು: “ಸರ, ಕನ್ನಡಕಾನ ಇಲ್ಲ, ಏನ ಒರಸಾಕತ್ತಿದ್ರಿ?”

“ಗೊತ್ತಿಲ್ಲ ಕಣ್ರೀ.”

“ಗೊತ್ತಿಲ್ಲಂದ್ರ ಬಿಡ್ರಿ. ಚಲೋ ಒರಸಿದ್ರಿ.”

ಗೇಟಿನ ಹತ್ತಿರ ಹಿರಿಯರ ಹೆಂಡತಿ ನನಗಾಗಿ ಕಾಯುತ್ತಿದ್ದರು. ಅತಿಥಿ ಮಾತು ಶುರು ಮಾಡುವ ಮೊದಲೇ ಎದ್ದು ಬಂದಿದ್ದರಂತೆ.

“ಕಣ್ಮುಚ್ಕಂಡು ಕೂತಿದ್ದೆ ಕಣ್ರಪ್ಪ,” ಎಂದರು. “ಅವ್ರೇ ನಿಂತ್ಕಂಡು ಮಾತಾಡ್ದಂಗಾಯ್ತು. ಮನೇಲೂ ಇಂಗೇಯಾ. ಅವ್ರು ಮಾತು ಒಪ್ಪಿಸೋರು, ನಾನು ಮಣೆ ಮ್ಯಾಲೆ ಲಟ್ಟಣಿಗೇಲಿ ಕುಟ್ಬೇಕಿತ್ತು, ನಿಮ್ ಪ್ರೆಸ್ಸು ಬಿದ್ದಂಗೆ. ವಸಿ ತಡ ಆದ್ರೆ ಬೈಯೋರು.” ಆಮೇಲೆ ಸೆರಗು ಸರಿಮಾಡಿಕೊಂಡು, “ಬರೋ ತಿಂಗ್ಳೂ ಬರ್ಲಾ?” ಎಂದರು.

“ಬನ್ನಿ ಅಕ್ಕ,” ಎಂದೆ. ಬೇರೆ ಏನು ಹೇಳಲಾಗುತ್ತದೆ.

ಅವರು ಪ್ರತಿ ತಿಂಗಳೂ ಬಂದರು. ಕೈ ತೊಳೆಯುವ ನಲ್ಲಿಗಳ ಪಕ್ಕದ ಟೇಬಲಿನಲ್ಲಿ ಕೂತು, ಕಣ್ಣು ಮುಚ್ಚಿ, ಪ್ರೆಸ್ಸು ಬೀಳುವಾಗಲೆಲ್ಲ ಒಂದು ಬೆರಳಿನಿಂದ ಟೇಬಲು ತಟ್ಟುವರು. ನಾನು ಬಲಕ್ಕೆ ಸರಿದ ಕೂಡಲೇ ಎದ್ದು ಹೋಗುವರು. ಅತಿಥಿಯಾಗಿ ಬಂದಿದ್ದ ಒಬ್ಬ ನಿವೃತ್ತ ಪ್ರಾಧ್ಯಾಪಕರಿಗೆ ಇದು ಮನಸ್ಸಿಗೆ ಚುಚ್ಚಿತು.

“ಆ ತಾಯಿಗೆ ನನ್ನ ವಿಷಯ ಹಿಡಿಸಲಿಲ್ಲವೇನೋ,” ಎಂದರು.

ಕಾರ್ಯದರ್ಶಿ ಸಮಾಧಾನ ಹೇಳಿದರು: “ಹಂಗೇನಿಲ್ರಿ ಸರ. ಅವ್ರು ನಿಮ್ಮ ಸಲುವಾಗಿ ಬಂದಿದ್ದಿಲ್ಲ.”

ಅವರು ಯಾರ ಸಲುವಾಗಿ ಬರುತ್ತಿದ್ದರೋ ಆ ಹಿರಿಯರು ನನ್ನೊಳಗೆ ಕ್ಯಾಂಟೀನಿನಲ್ಲಿ ಮಾತ್ರ ಇದ್ದಿದ್ದರೆ ನನ್ನ ತಕರಾರು ಇರಲಿಲ್ಲ. ಸೌಜನ್ಯದ ಮನುಷ್ಯ; ಆದರೆ ಅತಿಥಿಗಳಂತೆ ಬಂದು ಹೋಗುವುದು ಅವರಿಗೆ ಗೊತ್ತಿರಲಿಲ್ಲ. ಊಟಕ್ಕೆ ಕೂತಾಗ ನನ್ನ ಹೆಂಡತಿ ಸೌಟು ಹಿಡಿದುಕೊಂಡೇ ಕೇಳಿದಳು: “ಸಾರು ಅಂತೀರ, ಸುಮ್ನಾಗ್ತೀರ. ಹಾಕು ಅಂತೀರ, ಸುಮ್ನಾಗ್ತೀರ. ಮಧ್ಯದಲ್ಲಿ ಏನು ಬೀಳ್ಲಿ ಅಂತ ಕಾಯ್ತಿದ್ದೀರ?” ಇನ್ನೊಂದು ದಿನ ಇಂಟರ್‌ಕಾಮಿನಲ್ಲಿ ಟೂಲ್ ರೂಮಿಗೆ ಫೋನು ಮಾಡಿ, “ಅಚ್ಚು ಆಯ್ತೇನ್ರಪ್ಪಾ?” ಎಂದೆ. ಆ ಕಡೆಯವರಿಗೆ ಹಿರಿಯರ ದನಿಯೇ ಕೇಳಿಸಿರಬೇಕು. ಯಾರೋ ರಿಸೀವರನ್ನು, ನಿದ್ದೆಯಲ್ಲಿರುವವರ ಪಕ್ಕ ಏನನ್ನಾದರೂ ಇಡುವ ಹಾಗೆ, ಮೆಲ್ಲಗೆ ಇಟ್ಟರು.

ನಾನು ರಿಸೀವರು ಹಿಡಿದುಕೊಂಡು ಕೂತೆ. ನನ್ನ ದನಿ ಮೊದಲು ಹೇಗಿತ್ತೆಂದು ನೆನಪಿಸಿಕೊಳ್ಳಲು ನೋಡಿದೆ. ಬರಲಿಲ್ಲ. ಎಷ್ಟೇ ಸಾಧಾರಣವಾಗಿದ್ದರೂ ಅದು ನನ್ನ ಸ್ವಂತ ಆಸ್ತಿಯಾಗಿತ್ತು.

ಮುಂದಿನ ತಿಂಗಳ ಪರಿಚಯವನ್ನು ನಾನೇ ಬರೆದು, ಕನ್ನಡಿಯ ಮುಂದೆ ನಿಂತು, ನಾಗಾಲೋಟದಲ್ಲಿ ಉರು ಹೊಡೆದೆ. ಎಲ್ಲೂ ನಿಲ್ಲಬಾರದು, ನಿಂತರೆ ತಾನೇ ಅವರು ಒಳಗೆ ಬರುವುದು. ಸಭೆಯಲ್ಲಿ ಎರಡೂ ಕೈಗಳನ್ನು ಬೆನ್ನ ಹಿಂದೆ ಕಟ್ಟಿಕೊಂಡು ಹಾಗೆಯೇ ಹೇಳಿದೆ. ಅತಿಥಿಯ ಊರಿನ ಮೇಲೆ ಪ್ರೆಸ್ಸು ಬಿತ್ತು, ಅವರ ಪ್ರಶಸ್ತಿಗಳ ಮೇಲೆ ಬಿತ್ತು, ಅವರ ಹೆಸರಿನ ಮೇಲೂ ಬಿತ್ತು. ಕೊನೆಗೆ “ಈಗ ಅತಿಥಿಗಳ ಮಾತು” ಎಂದು ಹೋಗಿ ಕೂತುಬಿಟ್ಟೆ. ಮೂಗು ಹಗುರವಾಗಿತ್ತು.

“ಇವತ್ತ ನೀವು ನೀವಾಗಿದ್ರಿ ನೋಡ್ರಿ,” ಎಂದರು ಕಾರ್ಯದರ್ಶಿ. “ಖರೇ ಹೇಳ್ಬೇಕಂದ್ರ, ಒಂದೂ ಕೇಳಸಲಿಲ್ಲ.”

ನನ್ನ ಕಣ್ಣು ನಲ್ಲಿಗಳ ಕಡೆಗಿತ್ತು. ಅಕ್ಕ ಎದ್ದಿರಲಿಲ್ಲ. ಅತಿಥಿಯ ಮಾತು ನಡೆದಷ್ಟು ಹೊತ್ತೂ ಕಣ್ಣು ಮುಚ್ಚಿಕೊಂಡು ಕೂತಿದ್ದರು. ವಂದನಾರ್ಪಣೆಯಾಯಿತು, ಕಾಫಿಯಾಯಿತು, ಕುರ್ಚಿಗಳನ್ನು ಎಳೆದು ಜೋಡಿಸಿದರು. ಅವರು ಕೂತೇ ಇದ್ದರು. ನಾನು ಹತ್ತಿರ ಹೋದೆ.

“ಇವತ್ತು ನಿಮ್ದೇ ಮಾತು ಅಲ್ವರಾ,” ಎಂದರು. “ಚೆಂದಾಗಿತ್ತು. ಬರ್ತಾರೇನೋ ಅಂತ ಕಾಯ್ತಾ ಕೂತೆ.”

ಬಯ್ದಿದ್ದರೆ ತಡೆದುಕೊಳ್ಳುತ್ತಿದ್ದೆ. ಅವರು ಚೀಲ ಎತ್ತಿಕೊಂಡು ತುಮಕೂರು ರಸ್ತೆಯ ಕಡೆಗೆ, ಬಸ್ಸಿಗೆ ನಡೆದರು. ಆ ತಿಂಗಳೆಲ್ಲ ನಾನು ನನ್ನ ಸ್ವಂತ ದನಿಯಲ್ಲಿ ಸಾರು ಕೇಳಿದೆ. ಹೆಂಡತಿ ಬಡಿಸಿದಳು. ರುಚಿ ಹತ್ತಲಿಲ್ಲ. ತಿಂಗಳಿಗೆ ಒಂದಿಷ್ಟು ನಿಮಿಷ ಮೂಗು ಬಾಡಿಗೆಗೆ ಕೊಟ್ಟರೆ ನನ್ನ ಗಂಟೇನು ಹೋಗುತ್ತದೆ ಎಂದು ಕೊನೆಗೆ ತೀರ್ಮಾನಿಸಿದೆ.

ಮುಂದಿನ ಸಭೆಯಲ್ಲಿ ಹಾಳೆಯಿಲ್ಲದೆ ನಿಂತೆ. ಅಕ್ಕ ಬಂದಿದ್ದರು, ಕಣ್ಣು ಮುಚ್ಚಿದ್ದರು. ಒಂದು ವಾಕ್ಯ ಹೇಳಿ ನಿಂತೆ. ಪ್ರೆಸ್ಸು ಬೀಳಲಿಲ್ಲ. ಕಾದೆ. ಬಾಯಿ ತೆರೆದಾಗ ಬಿತ್ತು. ಸರಿಪಡಿಸಿಕೊಂಡು ಮತ್ತೆ ಶುರು ಮಾಡಿದೆ. ಆ ವಾಕ್ಯದ ನಡುವೆ ಬಿತ್ತು. ಪ್ರೆಸ್ಸು ಎಂದಿನಂತೆಯೇ ಇತ್ತು, ನಾನೇ ಎಡವುತ್ತಿದ್ದೆ. ಕೈ ಎತ್ತಿ ಮೂಗಿಗೆ ತಂದೆ. ಬರೀ ಮೂಗು ಸಿಕ್ಕಿತು. ಖಾಲಿ ಬೆರಳುಗಳನ್ನು ಅಂಗಿಗೆ ಒರೆಸಿದೆ. ಹಿಂದಿನ ಸಾಲಿನಲ್ಲಿ ಯಾರೋ, ಈ ಸಲ, ನಕ್ಕರು.

“ಇನ್ನು ನಾನು ಅಡ್ಡ,” ಎಂದೆ. ಪ್ರೆಸ್ಸು ಬಿತ್ತು. ಉಳಿದದ್ದು ಅದರ ಕೆಳಗೆ ಹೋಯಿತು.

ಅಕ್ಕನ ಬೆರಳು ಟೇಬಲಿನ ಮೇಲೆ ಎತ್ತಿದಲ್ಲೇ ನಿಂತಿತ್ತು. ಅವರು ಕಣ್ಣು ತೆರೆದು ನನ್ನನ್ನು ನೋಡಿದರು, ಆಮೇಲೆ ನನ್ನ ಬಲಕ್ಕೆ, ಖಾಲಿ ಜಮಖಾನವನ್ನು ನೋಡಿದರು. ಏಳಲಿಲ್ಲ. ಮಣ್ಣಿನ ಬಗ್ಗೆ ಮಾತನಾಡಲು ಬಂದಿದ್ದ ಅತಿಥಿಯ ಉಪನ್ಯಾಸವನ್ನು ಕಣ್ಣು ಬಿಟ್ಟುಕೊಂಡು ಪೂರ್ತಿ ಕೇಳಿದರು.

ಗೇಟಿನ ಹತ್ತಿರ ನಾನೇ ಕಾದು ನಿಂತೆ. “ತಪ್ಪಾಯ್ತು ಅಕ್ಕ. ಇವತ್ತು ಯಾಕೋ ಆಗ್ಲಿಲ್ಲ.”

“ನಿಂದೇನೈತೆ ಬಿಡಪ್ಪ,” ಎಂದರು. ಮೊದಲ ಸಲ ಏಕವಚನಕ್ಕೆ ಇಳಿದಿದ್ದರು. “ಅಡ್ಡ ನಿಲ್ಲಾಕಿಲ್ಲ ಅಡ್ಡ ನಿಲ್ಲಾಕಿಲ್ಲ ಅಂತ ತಿಂಗ್ಳು ತಿಂಗ್ಳು ಯೋಳೋರು. ಈಗ ಮಾತು ಉಳಿಸ್ಕಂಡ್ರು.” ಸ್ವಲ್ಪ ನಡೆದು ತಿರುಗಿ ನಿಂತರು. “ಆ ಮಣ್ಣಿನ ಸಾಹೇಬ್ರು ಚೆನ್ನಾಗಿ ಮಾತಾಡ್ತಾರೆ. ನೀನು ಅವ್ರ ವಿಷ್ಯ ಏನೂ ಕೇಳ್ಸಂಗೆ ಯೋಳ್ನಿಲ್ಲ.”

ಆಮೇಲೂ ಅವರು ಬರುವುದನ್ನು ಬಿಡಲಿಲ್ಲ. ನಲ್ಲಿಗಳ ಪಕ್ಕ ಕೂತು, ಬೆರಳು ತಟ್ಟದೆ, ಕೊನೆಯವರೆಗೂ ಕೇಳಿ, ಕಾಫಿ ಕುಡಿದು ಹೋಗುತ್ತಾರೆ. ನಾನು ಪ್ರೆಸ್ಸಿಗೆ ಕಾಯುವುದನ್ನು ನಿಧಾನವಾಗಿ, ಎಲ್ಲರ ಹಾಗೆ, ತಪ್ಪುತ್ತಾ ಕಲಿಯುತ್ತಿದ್ದೇನೆ. ಈಗ ಅರ್ಧಕ್ಕರ್ಧ ಕೇಳಿಸುತ್ತದೆ ಎಂದು ಕಾರ್ಯದರ್ಶಿಯ ಪ್ರಮಾಣಪತ್ರವಿದೆ. ಆದರೆ ಮಾತು ಮುಗಿದ ಮೇಲೆ ನಾನು ಸರಿಯುವುದು ಎಡಕ್ಕೆ. ಬಲಗಡೆ ಜಾಗ ಖಾಲಿಯೆಂದು ಎಲ್ಲರೂ ಹೇಳುತ್ತಾರೆ, ನಾನೂ ಒಪ್ಪುತ್ತೇನೆ. ಆದರೂ ನೋಡದೆ ಯಾರ ಕಾಲನ್ನಾದರೂ ತುಳಿದುಬಿಟ್ಟರೆ ಎಂಬ ಅಂಜಿಕೆ.