ನೀಲಿ ಪಡೆಗೆ ಗೆಲುವು ತಂದ ಅವರೆಕಾಳು

ವಿಜಯನಗರದ ದಂಡು ಯುದ್ಧಕ್ಕೆ ಹೊರಡುವ ಹಿಂದಿನ ದಿನ ಪ್ರತಿಯೊಬ್ಬ ಸೈನಿಕನೂ ನೆನೆಸಿದ ಅವರೆಕಾಳೊಂದನ್ನು ಎರಡು ಬೆರಳ ನಡುವೆ ಹಿಡಿದು, ಶತ್ರುರಾಜನ ಹೆಸರು ಹೇಳಿ ಹಿಸುಕುತ್ತಿದ್ದನಂತೆ. ಬೇಳೆ ಎಷ್ಟು ಮಾರು ಚಿಮ್ಮಿತೋ ಶತ್ರು ಅಷ್ಟು ಗಾವುದ ಓಡುತ್ತಿದ್ದನಂತೆ. ಆ ವಿದ್ಯೆ ತಲೆಮಾರಿನಿಂದ ತಲೆಮಾರಿಗೆ ಗುಟ್ಟಾಗಿ ಇಳಿದು, ಸಮುದ್ರ ದಾಟಿ, ಸ್ಯಾನ್ ಫ್ರಾನ್ಸಿಸ್ಕೋ ಕೊಲ್ಲಿಯ ಪೂರ್ವದಂಡೆಯ ಗುಡ್ಡದ ಮೇಲಿರುವ ಕಾಲೇಜು ಸ್ಟೇಡಿಯಮ್ಮಿನಲ್ಲಿ, ಮೂವತ್ತೊಂದನೇ ಸಾಲಿನ ಹನ್ನೊಂದನೇ ಜಾಗದಲ್ಲಿ ಕೂರುವ ಜಗನ್ನಾಥ ಎಂಬ ಮಹಾಪುರುಷರ ಬೆರಳ ತುದಿಗೆ ಬಂದು ನಿಂತಿದೆಯಂತೆ.

ಹೀಗೆಂದು ಪಂದ್ಯದ ದಿನ ಗೇಟಿನಲ್ಲಿ ಹಂಚಿದ ಬಣ್ಣದ ಪುಸ್ತಿಕೆಯ ನಾಲ್ಕನೇ ಪುಟದಲ್ಲಿ ಅಚ್ಚಾಗಿತ್ತು. ಮಹಾಪುರುಷರು ಅದನ್ನು ಓದಿದರು. ಕನ್ನಡಕ ತೆಗೆದು ಒರೆಸಿ ಮತ್ತೊಮ್ಮೆ ಓದಿದರು. ಆಮೇಲೆ ಪುಸ್ತಿಕೆಯನ್ನು ಎರಡಾಗಿ ಮಡಿಸಿ ಅದರ ಮೇಲೆ ಕೂತರು. ಬೆಂಚು ತಣ್ಣಗಿತ್ತು, ಇತಿಹಾಸ ಅಷ್ಟಕ್ಕಾದರೂ ಉಪಯೋಗಕ್ಕೆ ಬಂತು.

ಜಗನ್ನಾಥರಿಗೆ ಐವತ್ತೈದು. ಹುಟ್ಟಿದ್ದು ಬಸವನಗುಡಿ, ಮನೆ ಫ್ರೀಮಾಂಟು, ಕೆಲಸ ಎಮರಿವಿಲ್‌ನ ಒಂದು ಆನಿಮೇಷನ್ ಕಂಪನಿಯಲ್ಲಿ. ಅಲ್ಲಿ ಕಾರ್ಟೂನಿನ ಮೊಲಗಳ ಒಂದೊಂದು ರೋಮವನ್ನೂ ಲೆಕ್ಕ ಹಾಕುವ ಕಂಪ್ಯೂಟರುಗಳಿವೆ. ಅವು ಬಿಸಿಯಾಗಿ ಕೆಟ್ಟು ಕೂರದಂತೆ ಕಾಯುವುದು ಇವರ ಉದ್ಯೋಗ. ಫುಟ್‌ಬಾಲಿಗೂ ಇವರಿಗೂ ಸಂಬಂಧ ಹತ್ತಿದ್ದು ಮಗಳು ಇಂಚರಾಳಿಂದ. ಅವಳು ಆ ನೀಲಿ ಬಣ್ಣದ ಕಾಲೇಜು ಸೇರಿದ ವರ್ಷವೇ ಅದರ ಬ್ಯಾಂಡಿನಲ್ಲಿ ಟ್ರಂಪೆಟ್ ಊದತೊಡಗಿದಳು. ತಾಯಿ ಶೈಲಜಾ ಸ್ಯಾನ್ ಫ್ರಾನ್ಸಿಸ್ಕೋದ ಆಸ್ಪತ್ರೆಯಲ್ಲಿ ಡಾಕ್ಟರು, ಶನಿವಾರ ಡ್ಯೂಟಿ ತಪ್ಪುವುದಿಲ್ಲ. ಹಾಗಾಗಿ ಮಗಳ ವಾದ್ಯ ಕೇಳುವ ಹೊಣೆ ತಂದೆಯ ಪಾಲಿಗೆ ಬಂತು.

ಮೊದಲನೆಯ ಪಂದ್ಯದಲ್ಲೇ ಜಗನ್ನಾಥರಿಗೆ ಆ ಆಟದ ಮರ್ಮ ತಿಳಿದುಹೋಯಿತು. ಹೆಸರಿಗೆ ಫುಟ್‌ಬಾಲ್, ಚೆಂಡಿಗೆ ಕಾಲು ತಾಕುವುದು ಅಪರೂಪ. ಮೂರೂವರೆ ಗಂಟೆಯ ಆಟದಲ್ಲಿ ಚೆಂಡು ಓಡಾಡುವುದು ಕಾಲು ಗಂಟೆಯೂ ಇಲ್ಲ. ಉಳಿದ ಹೊತ್ತೆಲ್ಲ ಇಪ್ಪತ್ತೆರಡು ದಾಂಡಿಗರು ಬಗ್ಗಿ ನಿಂತು ಏನನ್ನೋ ಯೋಚಿಸುತ್ತಿರುತ್ತಾರೆ. ಬೆಂಗಳೂರಿನ ಮನೆಗಳಲ್ಲಿ ಬೆಳೆದ ಯಾರಿಗೇ ಆಗಲಿ, ಇಷ್ಟು ಹೊತ್ತು ಕೈ ಖಾಲಿ ಇಟ್ಟುಕೊಂಡು ಕೂರುವುದು ಹಿಂಸೆ. ಎರಡನೆಯ ಪಂದ್ಯದ ಮಾರನೆಯ ದಿನ ಅವರ ಮನೆಯಲ್ಲಿ ಹದಿನೆಂಟು ಜನಕ್ಕೆ ಊಟ, ಹಿತಕಿದ ಬೇಳೆ ಸಾರು. ಗ್ರೋಸರಿಯಲ್ಲಿ ಯಾವುದೋ ಗುಜರಾತಿ ಹೆಸರು ಬರೆದು ಮಾರುವ ತಾಜಾ ಅವರೆಕಾಯಿ ಸಿಕ್ಕಿತ್ತು. ಕಾಳು ಬಿಡಿಸಿ ರಾತ್ರಿಯೇ ನೆನೆಹಾಕಿಯಾಗಿತ್ತು. ಒಂದೊಂದನ್ನೂ ಹಿಸುಕಿ ಸಿಪ್ಪೆಯಿಂದ ಬೇಳೆ ಹೊರತೆಗೆಯುವ ಕೆಲಸವನ್ನು ಶೈಲಜಾ ಗಂಡನಿಗೆ ಹಚ್ಚಿ ಆಸ್ಪತ್ರೆಗೆ ಹೋಗಿದ್ದರು.

ಸ್ಟೇಡಿಯಮ್ಮಿಗೆ ಒಳಗಿರುವುದು ಕಾಣುವಂಥ ಪ್ಲಾಸ್ಟಿಕ್ ಚೀಲವನ್ನಷ್ಟೇ ಬಿಡುತ್ತಾರೆ. ಜಗನ್ನಾಥರು ಕಾಳಿಗೊಂದು, ಬೇಳೆಗೊಂದು, ಸಿಪ್ಪೆಗೊಂದು ಜಿಪ್ ಚೀಲ ತಗೊಂಡು ಹೋದರು. ಗುಡ್ಡದ ಗಾಳಿ ಕಿವಿಗೆ ಹೊಡೆಯುತ್ತಿತ್ತೆಂದು ಮಫ್ಲರನ್ನು ತಲೆಯ ಮೇಲಿಂದ ತಂದು ಗಲ್ಲದ ಕೆಳಗೆ ಗಂಟು ಹಾಕಿದರು. ಕೆಳತುಟಿ ಕಚ್ಚಿಕೊಂಡು ಹಿಸುಕುತ್ತ ಕೂತರು.

ಅಪರೂಪಕ್ಕೊಮ್ಮೆ ಅಂಕಕ್ಕಾಗಿ ಚೆಂಡು ಒದೆಯಲೆಂದೇ ಇರುವ ನೀಲಿ ಪಡೆಯ ಒದೆಗಾರ ಆ ವರ್ಷ ಒದ್ದ ಒಂದು ಚೆಂಡೂ ಎರಡು ಹಳದಿ ಕಂಬಗಳ ನಡುವೆ ಹೋಗಿರಲಿಲ್ಲ. ಅವನು ಮತ್ತೆ ಒದೆಯಲು ಬಂದಾಗ ಇಡೀ ಸ್ಟೇಡಿಯಮ್ಮು ಉಸಿರು ಬಿಗಿಹಿಡಿಯಿತು. ಅದೇ ಗಳಿಗೆಯಲ್ಲಿ ಜಗನ್ನಾಥರ ಬೆರಳಿಂದ ಒಂದು ಬೇಳೆ ತಪ್ಪಿಸಿಕೊಂಡು ಚಿಮ್ಮಿ, ಪಕ್ಕದಲ್ಲಿದ್ದ ನಿವೃತ್ತ ಅಂಚೆಯವನ ನೀಲಿ ಬಣ್ಣ ಹಚ್ಚಿದ ಗಡ್ಡದಲ್ಲಿ ಹೋಗಿ ಕೂತಿತು. ಚೆಂಡು ಕಂಬಗಳ ನಡುವೆ ಹಾದುಹೋಯಿತು. ಅಂಚೆಯವನು ಗಡ್ಡದಿಂದ ಬೇಳೆ ತೆಗೆದು ಬಹಳ ಹೊತ್ತು ನೋಡಿದ. ಮುಂದಿನ ಒದೆತಕ್ಕೆ ಅವನೇ ಇವರ ಮೊಣಕೈ ತಟ್ಟಿ, ಇನ್ನೊಂದು ಬಿಡು ಎಂದ. ಬಿಟ್ಟರು. ಅದೂ ಹೋಯಿತು. ಮೂರನೆಯ ಒದೆತದ ಹೊತ್ತಿಗೆ ಕಾಳು ಮುಗಿದಿತ್ತು. ಚೆಂಡು ಕಂಬಕ್ಕೆ ಬಡಿದು ವಾಪಸು ಬಂತು. ಅಂಚೆಯವನು ಇವರನ್ನು ನೋಡಿದ ನೋಟದಲ್ಲಿ ಜಗನ್ನಾಥರ ಮುಂದಿನ ಮೂರು ವರ್ಷಗಳು ಬರೆದಿದ್ದವು.

ಮುಂದಿನ ಪಂದ್ಯಕ್ಕೆ ಆ ಸಾಲಿನವರು ಬಟಾಣಿ ತಂದರು. ಅದರ ಮುಂದಿನದಕ್ಕೆ ಐದು ಸಾಲಿನವರು ನೆನೆಸಿದ ಬಾದಾಮಿ ತಂದರು. ವರ್ಷ ಕಳೆಯುವುದರೊಳಗೆ ಸಾವಿರಾರು ಅಮೆರಿಕನ್ನರು ಮಫ್ಲರನ್ನು ಕಿವಿ ಮುಚ್ಚಿ ಗಲ್ಲಕ್ಕೆ ಕಟ್ಟಿ, ಕೆಳತುಟಿ ಕಚ್ಚಿ, ಕೈಯಲ್ಲೊಂದು ಕಾಳು ಹಿಡಿದು ನಿಲ್ಲತೊಡಗಿದರು. ಶಾಸ್ತ್ರ ಬೆಳೆಯಿತು. ಮೊದಲ ಕಾಳು ಜಗನ್ನಾಥರದೇ ಆಗಬೇಕು. ಸಿಪ್ಪೆ ಕೊನೆಯ ಸೀಟಿಯವರೆಗೂ ಕೆಳಗೆ ಬೀಳಬಾರದು. ಅವರು ಆ ಮೊದಲ ದಿನ ಹಾಕಿದ್ದ ಕಂದು ಸ್ವೆಟರನ್ನೇ ಹಾಕಬೇಕು, ಸೀಸನ್ ಮುಗಿಯುವ ತನಕ ಒಗೆಯಬಾರದು. ಈ ಕೊನೆಯ ವಿಧಿ ಕೇಳಿ ಶೈಲಜಾ, ಒಬ್ಬ ಡಾಕ್ಟರಾಗಿ ತಾನು ಇದಕ್ಕೆ ಒಪ್ಪಲಾರೆನೆಂದು ಸ್ವೆಟರನ್ನು ಗ್ಯಾರೇಜಿಗೆ ಸಾಗಿಸಿದರು.

ನೀಲಿಯವರ ಹಳೆಯ ಎದುರಾಳಿಗಳು, ಕೊಲ್ಲಿಯ ಆ ದಡದ ಕೆಂಪು ಕಾಲೇಜಿನವರು, ಸುಮ್ಮನಿರುತ್ತಾರೆಯೇ. ನೀಲಿಯವರ ಒದೆತ ತಪ್ಪಿದಾಗಲೆಲ್ಲ ಅವರು ಡಬ್ಬಿಯ ಬೀನ್ಸ್ ತೆರೆದು ಒಂದೊಂದು ಚಮಚ ತಿನ್ನುವ ಪ್ರತಿಶಾಸ್ತ್ರ ಹೂಡಿದರು. ಈ ವರ್ಷ ಇನ್ನೂ ಮುಂದೆ ಹೋಗಿ, ವರ್ಷಕ್ಕೊಮ್ಮೆ ಈ ಎರಡು ಕಾಲೇಜುಗಳ ನಡುವೆ ನಡೆಯುವ ದೊಡ್ಡ ಪಂದ್ಯದ ವಾರ ಸನ್ನಿವೇಲಿನಿಂದ ಫ್ರೀಮಾಂಟಿನವರೆಗೆ ಇಂಡಿಯನ್ ಗ್ರೋಸರಿಗಳಲ್ಲಿದ್ದ ತಾಜಾ ಅವರೆಯನ್ನೆಲ್ಲ ಖರೀದಿಸಿ ಮುತ್ತಿಗೆ ಹಾಕಿದರು. ಇಬ್ಬರು ಕೆಂಪು ಟೋಪಿಯವರು ಏಳು ಮೂಟೆ ಹೊತ್ತೊಯ್ದರೆಂದು ಅಂಗಡಿಯವನು ಜಗನ್ನಾಥರಿಗೆ ಹೇಳಿ, ಏನು ಸರ್ ಇವರ ಮನೇಲಿ ಮದುವೆಯಾ ಎಂದು ಕೇಳಿದ. ಜಗನ್ನಾಥರು ಫ್ರೀಜ್ ಮಾಡಿದ ಪ್ಯಾಕೆಟು ತಂದು ಕರಗಲು ಇಟ್ಟರು.

ಇಷ್ಟೆಲ್ಲದರಲ್ಲಿ ಅವರಿಗೆ ಬೇಕಿದ್ದುದು ಮಗಳ ವಾದ್ಯ ಕೇಳುವುದೊಂದೇ, ಅದೊಂದೇ ನಡೆಯುತ್ತಿರಲಿಲ್ಲ. ಬ್ಯಾಂಡು ಮೈದಾನಕ್ಕೆ ಇಳಿಯುವುದು ಆಟದ ನಡುವಿನ ವಿರಾಮದಲ್ಲಿ. ಭಕ್ತರು ಜಗನ್ನಾಥರನ್ನು ಮುತ್ತುವುದೂ ಆಗಲೇ. ಸೆಲ್ಫಿ ತೆಗೆಸಿಕೊಳ್ಳುವವರು, ತಮ್ಮ ಕಾಳು ಸರಿಯಾಗಿ ನೆನೆದಿದೆಯೇ ಎಂದು ಮುಟ್ಟಿಸಿ ಕೇಳುವವರು, ಎಳೆಯ ಮಗುವಿನ ತಲೆಗೆ ಸಿಪ್ಪೆ ಸೋಕಿಸಿ ಎನ್ನುವವರು. ಮೂರು ವರ್ಷ ಅವರು ಮಗಳ ಟ್ರಂಪೆಟ್ ಕೇಳಿದ್ದು ಪರರ ಸೊಂಟಗಳ ಸಂದಿಯಿಂದ. ಈಗ ಅವಳದು ಕೊನೆಯ ವರ್ಷ. ಕೊನೆಯ ವರ್ಷದವರಿಗೆ ತವರು ಮೈದಾನದ ಕೊನೆಯ ಪಂದ್ಯದಲ್ಲಿ ಒಬ್ಬರೇ ನಿಂತು ಊದಲು ನಲವತ್ತು ಸೆಕೆಂಡು ಕೊಡುತ್ತಾರೆ. ಈ ವರ್ಷ ಅದು ಕೆಂಪಿನವರ ಜೊತೆಗಿನ ಈ ದೊಡ್ಡ ಪಂದ್ಯವೇ. ಅವತ್ತು ಬೆಳಗ್ಗೆ ಇಂಚರಾ ಫೋನು ಮಾಡಿದ್ದಳು.

"ಅಪ್ಪಾ, ಈ ಸಲ ಬೀನ್ಸ್ ಎಲ್ಲ ಬೇಡ. ಜಸ್ಟ್ ನನ್ನ ನೋಡು, ಓಕೆ? ಫಾರ್ಟಿ ಸೆಕೆಂಡ್ಸ್ ಅಷ್ಟೇ."

"ನೋಡ್ತೀನಿ ಕಂದ."

"ಲಾಸ್ಟ್ ಇಯರೂ ನೀನು ಹೀಗೇ ಹೇಳಿದ್ದೆ," ಎಂದಳು. ಬೇಜಾರಿನಿಂದಲ್ಲ. ಅದು ಅವರಿಗೆ ಇನ್ನೂ ಹೆಚ್ಚು ಚುಚ್ಚಿತು.

ಹೀಗೆ ಪುಸ್ತಿಕೆಯ ಮೇಲೆ ಕೂತಿದ್ದ ಜಗನ್ನಾಥರ ಬಳಿಗೆ ಅದರ ನಾಲ್ಕನೇ ಪುಟದ ಕರ್ತೃ ಚೆಲುವರಾಜು ನಗುತ್ತ ಬಂದ. ಊರು ಮದ್ದೂರು. ಇಪ್ಪತ್ತೈದು ವರ್ಷದ ಹಿಂದೆ ಇದೇ ಕಾಲೇಜಿನಲ್ಲಿ ಎಂ.ಎಸ್. ಮಾಡಿದವನು, ಈಗ ಹಳೆಯ ವಿದ್ಯಾರ್ಥಿಗಳ ಸಂಘದ ಪ್ರಚಾರಮಂತ್ರಿ. ಕಾರು ನೀಲಿ, ಮನೆಯ ಬಾಗಿಲು ನೀಲಿ.

"ಯಾವ ದಂಡು ರೀ ಅದು, ಯಾವ ಸೈನಿಕರು?" ಎಂದರು ಜಗನ್ನಾಥರು. "ನಾನು ಸಾರಿಗೆ ಬೇಳೆ ಮಾಡ್ತಿದ್ದೆ."

"ಸಾರು ಅಂದ್ರೆ ಯಾರು ಸಾರ್ ಕೇಳ್ತಾರೆ? ಒಂದು ಸಂಪ್ರದಾಯ ಅಂದ್ಮೇಲೆ ಅದಕ್ಕೊಂದು ಕತ್ತಿ, ಒಂದು ಕುದುರೆ ಇರಬೇಕು. ನಮ್ಮ ನಾಡಿನ ಹೆಸರು ಬರ್ಲಿ ಅಂತ ಬರೆದೆ, ನೀವು ಕೋಪ ಮಾಡ್ಕೊಂತೀರಲ್ಲ."

ಅಷ್ಟಕ್ಕೇ ನಿಲ್ಲಲಿಲ್ಲ. ವಿರಾಮದಲ್ಲಿ ದೊಡ್ಡ ಪರದೆಯ ಮೇಲೆ ಜಗನ್ನಾಥರ ಸಂದರ್ಶನವಿದೆ, ತಾನೇ ಕನ್ನಡದಲ್ಲಿ ಕೇಳಿ ತಾನೇ ಇಂಗ್ಲಿಷಿಗೆ ತಿರುಗಿಸುತ್ತೇನೆ, ಅದರಲ್ಲೊಂದು ಗಾಂಭೀರ್ಯ ಇರುತ್ತದೆ ಎಂದ. ಮಗಳ ಸರದಿ ಇದೆ, ಆಗುವುದಿಲ್ಲ ಎಂದರು ಜಗನ್ನಾಥರು. ಅದಕ್ಕೆ ಮೊದಲೇ ಮುಗಿಯುತ್ತದೆ, ತಾನು ಮಿನಿಟು ಮಿನಿಟು ನೋಡಿಕೊಂಡಿದ್ದೇನೆ ಎಂದು ಚೆಲುವರಾಜು ಎದೆ ಮುಟ್ಟಿ ಹೇಳಿ ಹೋದ.

ಆಟ ಶುರುವಾಯಿತು. ವಿರಾಮಕ್ಕೆ ಮೂರು ಸೆಕೆಂಡಿರುವಾಗ ನೀಲಿಯವರ ಒದೆಗಾರ ಬಂದ. ಸ್ಟೇಡಿಯಮ್ಮಿಗೆ ಸ್ಟೇಡಿಯಮ್ಮೇ ಮೂವತ್ತೊಂದನೇ ಸಾಲಿನ ಕಡೆ ತಿರುಗಿತು. ಎದುರಿನ ಕೆಂಪು ಗುಂಪು ಡಬ್ಬಿಗಳಿಗೆ ಚಮಚ ಬಡಿಯಿತು. ಜಗನ್ನಾಥರು ಕೋಪದಲ್ಲಿ ಕಾಳನ್ನು ಹಿಸುಕಿದ ರಭಸಕ್ಕೆ ಬೇಳೆ ನಾಲ್ಕು ಸಾಲು ದಾಟಿತು. ಚೆಂಡು ಕಂಬಗಳ ನಟ್ಟನಡುವೆ ಹೋಯಿತು. ಅಂಚೆಯವನು ಅತ್ತ.

ಬ್ಯಾಂಡು ಇಳಿಯಿತು. ಎರಡು ಹಾಡು ಮುಗಿದರೂ ಚೆಲುವರಾಜುವಿನ ಸುಳಿವಿಲ್ಲ. ಜಗನ್ನಾಥರು ಜನರ ನಡುವೆ ಮೊಣಕೈಯಲ್ಲಿ ಜಾಗ ಮಾಡಿಕೊಂಡು ಎದ್ದು ನಿಂತರು. ಮೈದಾನದ ನಡುವಿನ ಗೆರೆಯ ಮೇಲೆ ಬಿಳಿ ಟೋಪಿಯ ಒಂದು ಪುಟ್ಟ ಆಕೃತಿ ಒಂಟಿಯಾಗಿ ಮುಂದೆ ಬರುತ್ತಿತ್ತು. ಡ್ರಮ್ಮುಗಳು ಸಣ್ಣಗೆ ಮೊಳಗತೊಡಗಿದವು. ಅವರು ಮಫ್ಲರು ಬಿಚ್ಚಿ ಕಿವಿ ಖಾಲಿ ಮಾಡಿಕೊಂಡರು.

ಸರಿಯಾಗಿ ಆಗಲೇ ಕ್ಯಾಮೆರಾದವನನ್ನು ಎಳೆದುಕೊಂಡು, ಏದುಸಿರು ಬಿಡುತ್ತ ಚೆಲುವರಾಜು ಬಂದು ಅವರ ಎದುರಿಗೇ ನಿಂತ. ಕೇಬಲ್ಲು ಸಿಕ್ಕಿಕೊಂಡು ತಡವಾಯಿತಂತೆ. ದೊಡ್ಡ ಪರದೆಯಿಂದ ಇಂಚರಾ ಮಾಯವಾಗಿ, ಅಲ್ಲಿ ಅವಳ ತಂದೆಯ ಮೂಗು ಮೂಡಿತು. ಜಗನ್ನಾಥರು ಎಡಕ್ಕೆ ವಾಲಿದರು, ಚೆಲುವರಾಜು ಎಡಕ್ಕೆ ವಾಲಿದ. ಬಲಕ್ಕೆ ಬಗ್ಗಿದರು, ಕ್ಯಾಮೆರಾ ಬಲಕ್ಕೆ ಬಂತು. ಐವತ್ತು ಸಾವಿರ ಜನ ಸದ್ದು ನಿಲ್ಲಿಸಿ ಮಹಾಪುರುಷರ ಮಾತಿಗಾಗಿ ಕಾದರು. ಅಷ್ಟು ಜನರಲ್ಲಿ ಕನ್ನಡ ತಿಳಿಯುವವರು ಬೆರಳೆಣಿಕೆಯಷ್ಟು, ಅವರಲ್ಲೊಬ್ಬಳು ಮೈದಾನದ ನಡುವೆ ಟ್ರಂಪೆಟ್ಟನ್ನು ತುಟಿಯವರೆಗೆ ಎತ್ತಿ ಹಿಡಿದಿದ್ದಳು.

"ಹೇಳಿ ಸಾರ್," ಎಂದು ಚೆಲುವರಾಜು ಮೈಕನ್ನು ಅವರ ಗಲ್ಲಕ್ಕೆ ತಾಗಿಸಿದ. ಧ್ವನಿ ಗುಡ್ಡಕ್ಕೆ ಬಡಿದು ಮರಳಿತು. "ಈ ಪುರಾತನ ವಿಜಯವಿಧಿ ನಿಮ್ಮ ಕೈಗೆ ಬಂದಿದ್ದು ಹೇಗೆ?"

"ಭಾನುವಾರ ಹದಿನೆಂಟು ಜನ ಊಟಕ್ಕೆ ಬರೋರಿದ್ರು, ಬೇಳೆ ಮಾಡೋಕೆ ನನಗೆ ಬೇರೆ ಟೈಮು ಸಿಗಲಿಲ್ಲ," ಎಂದರು ಜಗನ್ನಾಥರು. "ಸ್ವಲ್ಪ ಪಕ್ಕಕ್ಕೆ ನಿಂತ್ಕೊಳಿ ಚೆಲುವರಾಜು, ಮಗಳು ಕಾಣ್ತಾ ಇಲ್ಲ."