ಇಸ್ತ್ರಿಯವನ ಇಳಿದ ರೆಪ್ಪೆ

ಆ ಬೀದಿಯಲ್ಲಿ ಇಸ್ತ್ರಿಯವನಿಗೆ ತೂಕಡಿಕೆ ಎಂದೇ ಹೆಸರು. ರೆಪ್ಪೆಗಳು ಸದಾ ಅರ್ಧ ಇಳಿದೇ ಇರುತ್ತಿದ್ದವು. "ಎದ್ದಿದ್ದೀಯೇನಪ್ಪಾ? ನನ್ನ ಅಂಗಿ ಸುಟ್ಟುಬಿಟ್ಟೀಯ!" ಎಂದು ಬಂದವರೆಲ್ಲ ಕಾಲೆಳೆಯುವವರೇ. ಕಾಲರಿನಿಂದ ಶುರುಮಾಡಿ ತೋಳು, ಬೆನ್ನು ಎಂದು ಓಡುವ ಅವನ ಕೈ ಮಾತ್ರ ಎಂದೂ ತಪ್ಪಿದ್ದಲ್ಲ. ಈಚೆಗೆ ನಾಲ್ಕು ಅಂಗಿ ಮುಗಿಸುವಷ್ಟರಲ್ಲಿ ಆ ಕೈಯೂ ಸೋಲತೊಡಗಿತು. ಚೆನ್ನಾಗಿ ತಿಂದರೆ ಸರಿಹೋದೀತೆಂದು ತಟ್ಟೆ ತುಂಬ ತಿಂದ. ಹೊಟ್ಟೆ ಬಂತೇ ಹೊರತು ಶಕ್ತಿ ಬರಲಿಲ್ಲ.

ಪರೀಕ್ಷೆಗಳೆಲ್ಲ ಮುಗಿದ ಮೇಲೆ ದೊಡ್ಡಾಸ್ಪತ್ರೆಯ ಡಾಕ್ಟರಮ್ಮ ಬಿಡಿಸಿ ಹೇಳಿದರು. "ಜೀವಕೋಶಗಳ ಒಳಗೆ ಮೈಟೊಕಾಂಡ್ರಿಯ ಅಂತ ಇರ್ತವೆ. ಉಂಡಿದ್ದನ್ನ ಶಕ್ತಿ ಮಾಡಿಕೊಡೋದು ಅವೇ. ನಿಮ್ಮಲ್ಲಿ ಅವು ಸರಿಯಾಗಿ ಕೆಲಸ ಮಾಡ್ತಿಲ್ಲ. ಅದಕ್ಕೇ ರೆಪ್ಪೆ, ತೋಳು ಎರಡೂ ಸೋಲ್ತಿವೆ."

"ಇದ್ದಿಲು ತುಂಬಿದ್ರೂ ಪೆಟ್ಟಿಗೆ ಕಾಯಲ್ಲ ಅನ್ನಿ," ಎಂದ. ಅವನ ಚಿಂತೆ ಬೇರೆಯೇ ಇತ್ತು. "ನನ್ನ ಮಗನಿಗೂ ಬರುತ್ತಾ?"

"ನಿಮಗಿರೋ ಬಗೆ ತಾಯಿಯಿಂದ ಮಾತ್ರ ಬರೋದು, ತಂದೆಯಿಂದಲ್ಲ. ಪೂರ್ತಿ ವಾಸಿ ಮಾಡೋ ಔಷಧಿ ಇಲ್ಲ. ದಣಿಯೋಕೆ ಮುಂಚೆ ಕೂತ್ಕೊಳ್ಳಿ, ಹಸಿದುಕೊಂಡು ಕೆಲಸ ಮಾಡಬೇಡಿ."

ಮಗನಿಗೆ ಬರುವುದಿಲ್ಲವೆಂದು ತಿಳಿದು ಹೋದ ಜೀವ ಬಂದಂತಾಯಿತು. ಆ ಖುಷಿಯಲ್ಲೇ ಮನೆ ಸೇರಿದ.

ಮೆಟ್ಟಿಲಿನ ಅರ್ಧದಲ್ಲಿ ತಂಗಿ ಬಟ್ಟೆಗಂಟು ಪಕ್ಕಕ್ಕಿಟ್ಟು ಕೂತಿದ್ದಳು. ಮನೆಮನೆಗೆ ಹೋಗಿ ಬಟ್ಟೆ ತರುವವಳು ಅವಳೇ. ಹೀಗೆ ಎಲ್ಲೆಂದರಲ್ಲಿ ಕೂರುತ್ತಾಳೆಂದು ಚಿಕ್ಕಂದಿನಿಂದಲೂ ಅವಳಿಗೆ ಮೈಗಳ್ಳಿ ಎಂಬ ಬಿರುದು. ರೂಢಿಯಂತೆ ಅವನ ಬಾಯಿಗೂ ಅದೇ ಮಾತು ಬಂತು. ಅವಳ ದಣಿದ ಮುಖ ನೋಡಿ ನಾಲಿಗೆ ಕಚ್ಚಿಕೊಂಡ. ಇಬ್ಬರೂ ಒಂದೇ ತಾಯಿಯ ಮಕ್ಕಳು. ಅವಳಿಗೂ ಒಬ್ಬ ಮಗಳಿದ್ದಾಳೆ.

"ಡಾಕ್ಟ್ರು ಏನಂದ್ರಣ್ಣ? ಪುಟ್ಟನಿಗೇನೂ ಇಲ್ಲ ತಾನೇ?"

"ಅವನಿಗಿಲ್ಲ."

"ಸದ್ಯ, ಬದುಕಿದ್ವಿ!" ಎಂದು ಸೆರಗಿನಿಂದ ಕಣ್ಣೊರೆಸಿಕೊಂಡಳು. ಅವನು ಪಕ್ಕದಲ್ಲಿ ಕೂತು, ಒಂದನ್ನೂ ಮುಚ್ಚಿಡದೆ ಹೇಳಿದ. ತಾಯಿಯಿಂದ ಬರುತ್ತದೆ ಎಂಬುದನ್ನೂ ಹೇಳಿದ.

ಅವಳು ಪಕ್ಕದ ಬಟ್ಟೆಗಂಟನ್ನು ಮಡಿಲಿಗೆ ಎಳೆದುಕೊಂಡಳು.

"ಹಾಗಾದ್ರೆ ನಾನು ಮೈಗಳ್ಳಿ ಅಲ್ವಲ್ಲಣ್ಣ?"

"ಅಲ್ಲಮ್ಮ. ಯಾವತ್ತೂ ಅಲ್ಲ. ನಾಳೆ ನೀನೂ ಮಗೂನೂ ನನ್ನ ಜೊತೆ ಆಸ್ಪತ್ರೆಗೆ ಬನ್ನಿ."

ಅವಳು ಆಗಲೆಂದು ತಲೆಯಾಡಿಸಿದಳು. ಆಮೇಲೆ ಅಣ್ಣನ ತೋಳು ಹಿಡಿದುಕೊಂಡಳು.

"ಬೆಳಗ್ಗೆ ಏಳಲಿಲ್ಲ ಅಂತ ಮಗೂನ ನಾನೂ ಹಾಗೇ ಬೈದೆ ಕಣಣ್ಣ."