ವೇದಿಕೆಯ ಮೇಲೆ ಮೆಟ್ಟಿಸಿದ ಚಪ್ಪಲಿ

೧೯೬೫ರ ಸುಮಾರಿಗೆ ನಾನು ಸಾಗರದಲ್ಲಿ ಒಂದು ದೊಡ್ಡ ಪಾದರಕ್ಷೆ ಕಂಪನಿಯ ಅಂಗಡಿಗೆ ಮ್ಯಾನೇಜರ್. ಹೊಸನಗರ, ತೀರ್ಥಹಳ್ಳಿಗಳ ವ್ಯಾಪಾರವೂ ನನ್ನ ತಲೆಗೇ. ಹಳ್ಳಿಯವರಲ್ಲಿ ಚಪ್ಪಲಿ ಕೊಳ್ಳುವವರೇ ಕಡಿಮೆ. ಮಾರಾಟ ಏಕೆ ಏರಿಲ್ಲವೆಂದು ಮುಂಬಯಿಯ ಹೆಡ್ ಆಫೀಸಿನಿಂದ ಕಾಗದಗಳು ಬರುತ್ತಲೇ ಇದ್ದವು. ಅಲ್ಲಿ ಫ್ಯಾನಿನಡಿ ಕೂತವರಿಗೆ ಇಲ್ಲಿಯ ಕೆಸರಿನ ಗಂಧವೇ ಇರಲಿಲ್ಲ.

ಕೊನೆಗೊಂದು ಸರ್ಕ್ಯುಲರ್ ಬಂತು: 'ಗುಡ್‌ವಿಲ್ ಸ್ಕೀಮ್', ಅಂದರೆ ಊರಿಗೆ ಉಪಕಾರ ಮಾಡಿ ಕಂಪನಿಗೆ ಒಳ್ಳೆಯ ಹೆಸರು ಗಳಿಸುವುದು. ಬರಿಗಾಲಿನವರಿಗೆ ಕೊಕ್ಕೆಹುಳು ಹತ್ತಿ ರಕ್ತಹೀನತೆ ಬರುತ್ತದೆ; ಆದ್ದರಿಂದ ನಲವತ್ತು ರೈತರಿಗೆ ರಬ್ಬರ್ ಚಪ್ಪಲಿ ಪುಕ್ಕಟೆ ಕೊಡಿ, ಒಮ್ಮೆ ಮೆಟ್ಟಿದವನು ಮುಂದೆ ಕೊಂಡೇ ಕೊಳ್ಳುತ್ತಾನೆ. ಊರಿನ ಗಣ್ಯರ ಕೈಯಿಂದಲೇ ಹಂಚಿಸಬೇಕು, ಮೆಟ್ಟಿಕೊಂಡ ಫೋಟೋ ಕಳಿಸಬೇಕು. ನನಗೂ ಇದು ಒಳ್ಳೆಯ ಕೆಲಸವೆಂದೇ ಅನ್ನಿಸಿತು.

ಹೊಸನಗರದ ಹತ್ತಿರದ ಒಂದು ಹಳ್ಳಿಯ ಶಾಲೆಯಲ್ಲಿ ಸಮಾರಂಭ. ಹಂಚಿದವರು ಅಲ್ಲಿಯ ದೊಡ್ಡ ಜಮೀನುದಾರರು. ಮೊದಲು ಬಂದವನು ಅವರದೇ ಗದ್ದೆ ಗೇಣಿಗೆ ಮಾಡುತ್ತಿದ್ದ ತಿಮ್ಮಪ್ಪ. ಚಪ್ಪಲಿಯನ್ನು ಕಣ್ಣಿಗೊತ್ತಿಕೊಂಡು ಕಂಕುಳಿಗೆ ಸಿಕ್ಕಿಸಿ ಹೊರಟೇಬಿಟ್ಟ. ಫೋಟೋದವನು ನನ್ನ ಮುಖ ನೋಡಿದ.

"ಮೆಟ್ಕೊಳ್ಳಪ್ಪಾ!" ಎಂದೆ.

"ಒಡೇರ ಎದ್ರಿಗೆ ಹ್ಯಾಂಗೆ ಮೆಟ್ಲಿ ಸ್ವಾಮಿ?" ಎಂದ ಮೆಲ್ಲಗೆ.

ಗೇಣಿದಾರರು ಒಡೆಯರೆದುರು ಚಪ್ಪಲಿ ಮೆಟ್ಟುವುದಿಲ್ಲವೆಂಬುದು ನನಗೆ ಗೊತ್ತಿರಲಿಲ್ಲವೇ? ಗೊತ್ತಿತ್ತು. ಆದರೆ ಕೊಡುವವರೇ ಒಡೆಯರಲ್ಲವೇ ಎಂದುಕೊಂಡೆ. ಎಂಥ ಪೆದ್ದ ನಾನು! ತೋಳು ಹಿಡಿದು ನಿಲ್ಲಿಸಿ ಮೆಟ್ಟಿಸಿದೆ. ಒಡೆಯರು ನಗುತ್ತಲೇ ಇದ್ದರು. ಫೋಟೋ ಚೆನ್ನಾಗಿ ಬಂತು; ಅದೊಂದೇ ಸಾಕೆಂದು ಉಳಿದವರಿಗೆ ಮೆಟ್ಟಿಸಲಿಲ್ಲ.

ಎರಡು ವಾರದ ಮೇಲೆ ತಿಮ್ಮಪ್ಪ ಬರಿಗಾಲಲ್ಲಿ ಅಂಗಡಿಗೆ ಬಂದ. "ಗದ್ದೆ ಬಿಡು ಅಂದ್ರು ಸ್ವಾಮಿ. ಸಸಿ ಮಡಿ ಎದ್ದು ನಿಂತದೆ. ಮನೇಲಿ ಆರು ಬಾಯಿ." ಗೇಣಿಗೆ ಕಾಗದಪತ್ರವಿಲ್ಲ, ಎಲ್ಲ ಬಾಯಿಮಾತು. ಯಾವ ಕಚೇರಿಗೆ ಹೋದರೂ ತೋರಿಸಲು ಏನೂ ಇರಲಿಲ್ಲ.

ಮರುದಿನವೇ ಬಸ್ಸು ಹತ್ತಿ ಜಮೀನುದಾರರ ಮನೆಗೆ ಹೋದೆ. ಕಾಫಿ ಕೊಟ್ಟರು. "ತಪ್ಪು ನನ್ನದು, ಮೆಟ್ಟಿಸಿದವನು ನಾನು" ಎಂದೆ.

"ಕೊಟ್ಟಿದ್ದು ನಾನೇ, ಇಲ್ಲ ಅಂತೀನಾ? ನನ್ನೆದುರಿಗೇ ಮೆಟ್ಟು ಅಂತ ಹೇಳಿದ್ನಾ? ಅಂಗಳಕ್ಕೆ ಬರ್ಲಿ, ನಾಲ್ಕು ಜನರ ಮುಂದೆ ತಪ್ಪಾಯ್ತು ಅನ್ಲಿ. ಗದ್ದೆ ಎಲ್ಲಿಗೂ ಹೋಗಲ್ಲ" ಎಂದರು.

ಹೆಡ್ ಆಫೀಸಿಗೆ ಎಲ್ಲವನ್ನೂ ಬರೆದೆ. ಯಾರಾದರೂ ಬಂದು ಮಾತಾಡಿ, ಕಂಪನಿಯ ಮಾತಿಗೆ ತೂಕವಿದೆ ಎಂದು ಬೇಡಿಕೊಂಡೆ. ಉತ್ತರ ಬಂತು: ಫೋಟೋ ಸೊಗಸಾಗಿದೆ, ಕ್ಯಾಲೆಂಡರಿಗೆ ಹಾಕುತ್ತೇವೆ, ಇದೇ ರೀತಿ ತೀರ್ಥಹಳ್ಳಿಯಲ್ಲೂ ನಡೆಸಿ. ತಿಮ್ಮಪ್ಪನ ಬಗ್ಗೆ ಒಂದಕ್ಷರವಿಲ್ಲ. ಆ ಕಾಗದ ಓದಿ ನನ್ನ ಮೈಯೆಲ್ಲ ಉರಿದುಹೋಯಿತು.

ನಾಟಿಗೆ ಇನ್ನು ನಾಲ್ಕೇ ದಿನ ಇದ್ದಾಗ ತಿಮ್ಮಪ್ಪ ಮತ್ತೆ ಬಂದ. "ಮೆಟ್ಟು ಅಂದೋರು ನೀವೇ. ಈಗ ಹೋಗಿ ಕಾಲಿಗೆ ಬೀಳ್ಲಾ? ನೀವೇ ಹೇಳಿ."

ಬೇಡ ಎನ್ನೋಣವೆಂದರೆ ಅವನಿಗೆ ಕೊಡಲು ನನ್ನ ಹತ್ತಿರ ಬೇರೆ ಗದ್ದೆ ಇರಲಿಲ್ಲ. "ಬೀಳು" ಎಂದೆ.

ಬಿದ್ದ. ಗದ್ದೆ ಉಳಿಯಿತು. ತೀರ್ಥಹಳ್ಳಿಯ ಸಮಾರಂಭವನ್ನು ನಾನು ಮಾಡಲಿಲ್ಲ. ಅದಕ್ಕೆ ಬಡ್ತಿ ತಪ್ಪಿತು, ಹೋಗಲಿ. ಕೊಡುವವನಿಗೆ ಹೆಸರು ಬರುತ್ತದೆ, ಅದರ ಬೆಲೆಯನ್ನು ಇಸಿದುಕೊಂಡವನು ತೆರುತ್ತಾನೆ. ಇಷ್ಟನ್ನು ಕಲಿಯಲು ನನಗೆ ಇನ್ನೊಬ್ಬನ ಮಾನ ಬೇಕಾಯಿತು.